ಅಪ್ಪನ ಕಪ್ಪು ಸೀಸೆ

ಮಹಡಿಯ ಕೋಣೆ,
ನವೆಂಬರ್ ೯, ಭಾನುವಾರ

ಪ್ರೀತಿಯ ಚಿನ್ನೀ,

ಹೇಗಿದ್ದೀಯಾ? ಬೆನ್ನುನೋವು ಕಡಿಮೆಯಾಯಿತೇ? ದಿನವಿಡೀ ಸೂಕ್ಷ್ಮದರ್ಶಕಕ್ಕೆ ಬಗ್ಗಿ ಕೂರುವವಳಿಗೆ ಬೆನ್ನು ಎಂಬುದೊಂದಿದೆ ಎಂದು ಯಾರು ನೆನಪಿಸಬೇಕು? ಇತ್ತ ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಬರೆದೆ ಎಂದುಕೋ.

ಅಪ್ಪ ಆಸ್ಪತ್ರೆಗೆ ಬರಲೊಲ್ಲರು. ಎರಡು ಸಲ ಕೀಮೋ ಆಗಿದೆ, ಹೊಟ್ಟೆಯ ಗಡ್ಡೆ ಕುಗ್ಗುತ್ತಿದೆ ಎಂದು ಡಾಕ್ಟರೇ ಹೇಳಿದರು. ಮೂರನೆಯದು ಗುರುವಾರ. "ನೀನೇ ಹೋಗಿ ಹಾಕಿಸ್ಕೊಂಡು ಬಾ" ಅನ್ನುತ್ತಾರೆ. ಕಾರಣ, ದಿಂಬಿನ ಮಗ್ಗುಲಿನ ಒಂದು ಸೀಸೆ. ಒಳಗೆ ಮಸಿಯಂಥ ನೀರು. ಬೆಳಿಗ್ಗೆ ಒಂದು ಚಮಚ ಕುಡಿದು, ಅಂಗಿ ಬಿಚ್ಚಿ, ಕಿಟಕಿಯ ಬಿಸಿಲಿಗೆ ಹೊಟ್ಟೆಯೊಡ್ಡಿ ಕೂರುತ್ತಾರೆ. "ಇಂಗಾಲದ ಕಣ ಕಣೋ, ಕಣ್ಣಿಗೇ ಕಾಣಲ್ಲ. ಗಡ್ಡೆ ಒಳಗೆ ಹೋಗಿ ಕೂತ್ಕೊಳ್ಳುತ್ತೆ. ಬೆಳಕು ಬಿದ್ರೆ ಕಾಯುತ್ತೆ, ಗಡ್ಡೆ ಮಾತ್ರ ಸುಡುತ್ತೆ." ಜೀವಮಾನವೆಲ್ಲ ಪುಸ್ತಕ ಹೊಲಿದು ಅಂಟು ಹಚ್ಚಿದ ಬೈಂಡರಿಗೆ ಈ ವಿವರಣೆ ಎಲ್ಲಿಂದ ಬಂತು? ಕಳೆದ ರಜೆಯಲ್ಲಿ ಊಟಕ್ಕೆ ಕೂತಾಗ ನಿಮ್ಮ ಪ್ರಯೋಗಾಲಯದ ಇಲಿಗಳ ಬಗ್ಗೆ ನೀನು ಹೇಳಿದ ಮಾತುಗಳಿವು. ಆದರೆ ನೀನು ಇಂಜೆಕ್ಷನ್ ಎಂದಿದ್ದೆ, ಲೇಸರ್ ಎಂದಿದ್ದೆ. ಚಮಚ, ಬಿಸಿಲು ಯಾರ ಸೇರ್ಪಡೆಯೋ.

ಮೊದಲು ನಮ್ಮ ಬೀದಿಯ ಔಷಧಿ ಅಂಗಡಿಯವನನ್ನು ಅನುಮಾನಿಸಿದೆ. "ಅಯ್ಯೋ ಸಾರ್, ನನ್ನ ಹತ್ರ ಇರೋ ಕಪ್ಪು ತಲೆಗೆ ಹಚ್ಚೋದು ಮಾತ್ರ" ಎಂದು ನನ್ನ ನರೆಗೂದಲು ನೋಡಿ ನಕ್ಕ. ಆಮೇಲೆ ನಿನ್ನ ಅತ್ತಿಗೆಯನ್ನು ಕೇಳಿದೆ. ಅವಳು ಮಾತು ಬಿಟ್ಟಿದ್ದಾಳೆ, ಅನ್ನ ಮಾತ್ರ ಬಡಿಸುತ್ತಾಳೆ. ಮನೆಯಲ್ಲಿ ಯಾರ ಮುಖ ನೋಡಿದರೂ ಈಗ ನನಗೆ ಏನೋ ಮುಚ್ಚಿಟ್ಟಂತೆ ಕಾಣುತ್ತದೆ, ಕನ್ನಡಿಯಲ್ಲಿ ಕೂಡ.

ಅಪ್ಪ ನಿನಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಎರಡು ಸಲ ಹೇಳಿದರು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಅಣ್ಣ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಅಪ್ಪನ ಕಪಾಟಿನಲ್ಲಿ ಇನ್ನೂ ತೆರೆಯದ ಎರಡನೆಯ ಸೀಸೆ ಸಿಕ್ಕಿತು. ಬಾಯಿಗೆ ಯಾರೋ ಬಟ್ಟೆ ಹೊದಿಸಿ ಮೇಣದ ದಾರ ಸುತ್ತಿದ್ದಾರೆ. ತುದಿಯನ್ನು ಸುತ್ತಿನೊಳಗೇ ಎಳೆದು ಗಂಟನ್ನು ಮರೆಮಾಡಿದ್ದಾರೆ. ಅಪ್ಪ ಪುಸ್ತಕದ ಹೊಲಿಗೆ ಮುಗಿಸುತ್ತಿದ್ದ ರೀತಿ ಅದು, ನಮ್ಮಿಬ್ಬರಿಗೆ ಮಾತ್ರ ಕಲಿಸಿದ್ದು. ಕೀಮೋ ಆದ ಮೇಲೆ ಅವರ ಬೆರಳುಗಳಿಗೆ ಜೋಮು ಹಿಡಿದಿದೆ, ಅಂಗಿಯ ಗುಂಡಿ ನಾನೇ ಹಾಕುತ್ತೇನೆ. ಈ ಗಂಟು ನಾನು ಹಾಕಿದ್ದಲ್ಲ. ಯಾಕೆ ಎಂದು ಕೇಳುವುದಿಲ್ಲ, ಚಿನ್ನೀ. ಗುರುವಾರದೊಳಗೆ ಅಪ್ಪನಿಗೆ ಫೋನ್ ಮಾಡಿ, ಆ ಚಿಕಿತ್ಸೆ ಇನ್ನೂ ಇಲಿಗಳನ್ನೇ ದಾಟಿಲ್ಲ ಎಂದು ನೀನೇ ಹೇಳು. ನಾನು ಹೇಳಿ ನೋಡಿದೆ. "ಓದಿದವಳು ಅವಳು, ನಿಂಗೇನೋ ಗೊತ್ತು?" ಎಂದು ಗೋಡೆಯ ಕಡೆ ತಿರುಗಿ ಮಲಗಿದರು.