ಮೇಷ್ಟರ ಕತೆಯೊಳಗಿನ ಹೆಂಗಸು

ಚನ್ನಪಟ್ಟಣ
೧೯೨೪ನೇ ಇಸವಿ ಫೆಬ್ರವರಿ ೧೨

ಯಜಮಾನರ ಪಾದಗಳಿಗೆ ಗಿರಿಜಾಂಬಳ ಶರಣು.

ನಿಮ್ಮ ಕೆಮ್ಮು ಹೇಗಿದೆ? ಮಾಗಡಿಯ ಚಳಿಯಲ್ಲಿ ಸ್ಕೂಲಿಗೆ ಹೋಗುವಾಗ ಕಿವಿಗೆ ರುಮಾಲು ಸುತ್ತಿಕೊಳ್ಳುತ್ತೀರೋ, ಇಲ್ಲ ಅದನ್ನೂ ಯಾರಾದರೂ ನೆನಪಿಸಬೇಕೋ? ಇಲ್ಲಿ ಅತ್ತೆಯವರ ಮಂಡಿನೋವು ಕೊಂಚ ತಗ್ಗಿದೆ. ನಾನು ಗುಂಡುಕಲ್ಲಿನ ಹಾಗಿದ್ದೇನೆ.

ಮಾಸಪತ್ರಿಕೆಯಲ್ಲಿ ಬಂದ ನಿಮ್ಮ ಕತೆ ಕೈಸೇರಿತು. ಅಲ್ಲಾ, ಇಷ್ಟು ದಿನ ನೀವು ಬರೆದ ಹೆಂಗಸರೆಲ್ಲ ರಾಗಿ ಬೀಸುತ್ತಲೂ ಗ್ರಂಥದ ಮಾತಾಡುತ್ತಿದ್ದರು. ಉಪವಾಸ ಬಿದ್ದವಳ ಮುಡಿಯಲ್ಲೂ ಮಲ್ಲಿಗೆ! ಇದನ್ನು ಯಾರು ನಂಬುತ್ತಾರೆ ಎಂದು ನಾನು ನಕ್ಕರೆ, ಕಲ್ಪನೆ ಎಂದರೇನೆಂದು ನಿನಗೇನು ಗೊತ್ತು ಎಂದು ಸಿಡುಕಿದ್ದಿರಿ. ಈ ಸಲದ ಹೆಂಗಸನ್ನು ನಂಬದೆ ವಿಧಿಯೇ ಇಲ್ಲ. ಕತೆಯ ಮೇಷ್ಟರು ಬಾಡಿಗೆಗಿರುವ ಮನೆಯ ಮಗಳು, ಗಂಡ ಸತ್ತು ತವರು ಸೇರಿದವಳು. ಬೆಕ್ಕನ್ನು ಬಯ್ದು, ಆಮೇಲೆ ಅದಕ್ಕೇ ಹಾಲು ಹಾಕುತ್ತಾಳೆ. ಕೋಪ ಬಂದರೆ ಮಾತಾಡದೆ ಸೌದೆ ಮುರಿಯುತ್ತಾಳೆ. ಹೋಗಲಿ, ಇದನ್ನೆಲ್ಲ ಜಗಲಿಯಲ್ಲಿ ಕೂತವರೂ ಕಂಡಾರು. ಆದರೆ ಪೂಜೆ ಮುಗಿಸಿ ಇಷ್ಟಲಿಂಗವನ್ನು ಮತ್ತೆ ವಸ್ತ್ರದಲ್ಲಿ ಕಟ್ಟುವಾಗ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಾಳೆಂದು ಬರೆದಿದ್ದೀರಲ್ಲ, ಅದು ನಿಮಗೆ ಹೇಗೆ ತಿಳಿಯಿತು? ನಾನು ಹಾಗೆ ಕಟ್ಟುವವಳಲ್ಲ. ಅತ್ತೆಯವರೂ ಅಲ್ಲ. ಹೆಂಗಸು ಸೆರಗು ಸರಿಸಿ ಲಿಂಗ ಕಟ್ಟಿಕೊಳ್ಳುವಾಗ ಒಳಕೋಣೆಗೆ ಪರಗಂಡಸು ಹೋಗುವುದುಂಟೇ? ಇದು ಕಲ್ಪನೆಯಂತೆ!

ನಾನು ಓದಿ ಹೇಳುತ್ತಿದ್ದಂತೆ ಹೂಬತ್ತಿ ಹೊಸೆಯುತ್ತಿದ್ದ ಅತ್ತೆಯವರ ಕೈ ನಿಂತುಹೋಯಿತು. "ಏನವ್ವಾ, ನನ್ ಮಗ ಇಷ್ಟೆಲ್ಲ ಎಲ್ಲಿ ನೋಡ್ಬುಟ್ಟ?" ಎಂದರು. ನಮ್ಮ ಬೀದಿಯ ದೊಡ್ಡಹನುಮಯ್ಯ ಮೊನ್ನೆ ಬಣ್ಣದ ಗೊಂಬೆಗಳನ್ನು ಗಾಡಿಯಲ್ಲಿ ಮಾಗಡಿ ಸಂತೆಗೆ ಒಯ್ದಿದ್ದ. ನಿಮ್ಮನ್ನು ಕಂಡನೇ ಎಂದು ಕೇಳಿದೆ. "ಮೇಷ್ಟ್ರು ಸೆಂದಾಗವ್ರೆ ಕಣವ್ವಾ. ಮನೆ ಯಜಮಾನ ಚನ್ನಲಿಂಗಪ್ಪನ ಮಗ್ಳು ಬಸವಲಿಂಗಮ್ಮ ಅಂತ ಐತಲ್ಲ, ಹೊತ್ತೊತ್ಗೆ ಉಣ್ಣಕ್ಕಿಕ್ತದೆ" ಎಂದ. ಮಾಗಡಿಯ ಕೋಟೆ, ಕೆರೆ, ಕೋತಿಗಳ ಕಾಟ ಎಲ್ಲವನ್ನೂ ಬರೆದ ನೀವು, ಆ ಮನೆಯಲ್ಲೊಬ್ಬಳು ಮಗಳಿದ್ದಾಳೆಂದು ಒಂದು ಗೆರೆ ಬರೆಯಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿದೆ, ಮುಚ್ಚಿಡುವುದೇನು! ನಿನ್ನೆ ಒಲೆಯ ಮುಂದೆ ಕೂತು ಅತ್ತುಬಿಟ್ಟೆ.

ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ, ಮುಖ ಊದಿಸಿಕೊಂಡೇ. ಕೆಮ್ಮಿಗೆ ಮೆಣಸಿನ ಕಷಾಯ ಕುಡಿಯಿರಿ. ನೀವೇ ಕಾಯಿಸಿಕೊಳ್ಳಿ.

ಇನ್ನೂ ನಿಮ್ಮವಳೇ ಆದ
ಗಿರಿಜಾಂಬ

ಅಂದಹಾಗೆ: ಕತೆಯ ಕೊನೆಯಲ್ಲಿ ಮೇಷ್ಟರ ಹೆಂಡತಿಗೆ ಪ್ಲೇಗು ತಂದು ಸಾಯಿಸಿದ್ದೀರಿ. ಪ್ರಾಣ ಬಿಡುವ ಮೊದಲು ಅವಳು ನಗುನಗುತ್ತಾ ಆ ಹುಡುಗಿಯ ಕೈಯನ್ನು ಗಂಡನ ಕೈಯಲ್ಲಿಡುತ್ತಾಳೆ. ಅದುವರೆಗೆ ನಿಜದಂತಿದ್ದ ಕತೆ ಅಲ್ಲಿ ಶುದ್ಧ ಸುಳ್ಳಾಯಿತು. ಯಾವ ಹೆಂಡತಿಯೂ ಹಾಗೆ ಮಾಡುವುದಿಲ್ಲ. ಸೋಮವಾರ ಕ್ಲೋಸ್‌ಪೇಟೆಯಲ್ಲಿ ರೈಲಿಳಿದು, ಗಾಡಿ ಮಾಡಿಕೊಂಡು, ಅತ್ತೆಯವರೊಂದಿಗೆ ಪಾತ್ರೆ ಹಾಸಿಗೆ ಸಮೇತ ಬರುತ್ತಿದ್ದೇನೆ. ಆ ಹುಡುಗಿಯೂ ಮನೆಯಲ್ಲೇ ಇರಲಿ. ಹೆಂಡತಿಯಾದವಳು ಏನು ಮಾಡುತ್ತಾಳೆಂದು ಎದುರಿಗೇ ಕೂತು ನೋಡಿ ಬರೆಯುವಿರಂತೆ.