ಅರ್ಧ ಉಳಿದ ಗಡ್ಡ

ನಸೋಕಿ, ಕೋರೋ ದ್ವೀಪ
ಆಗಸ್ಟ್ ಒಂಬತ್ತು, ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ

ಪೂಜ್ಯ ಅತ್ತೆಯವರಿಗೆ,

ಮುಟ್ಟದೆ ಬಿಟ್ಟದ್ದು ತುಂಬಿಕೊಳ್ಳುತ್ತದೆ ಎಂದಿರೋ, ತುಂಬಿಕೊಳ್ಳುವವರೆಗೆ ಮುಟ್ಟಬೇಡಿ ಎಂದಿರೋ, ಈಗ ನನಗೆ ಸರಿಯಾಗಿ ನೆನಪಾಗುತ್ತಿಲ್ಲ. ನಿಮ್ಮ ಮಗಳು ಉನೈಸಿಯನ್ನು ಮಣ್ಣು ಮಾಡಿದ ಮರುದಿನ ನಿಮ್ಮ ಹಿರಿಯ ಮಗ ಸೇರು ಇಳಿತದ ನೀರಿನಲ್ಲಿ ನಡೆದುಹೋಗಿ ನಿಮ್ಮ ಮನೆತನದ ಹವಳದ ದಿಬ್ಬದ ಮೇಲೆ, ಸೂತಕ ಮುಗಿಯುವವರೆಗೆ ಯಾರೂ ಅಲ್ಲಿ ಮೀನು ಹಿಡಿಯಬಾರದೆಂದು ಕೋಲು ನೆಟ್ಟು, ಅದರ ತುದಿಗೆ ನಾರುಬಟ್ಟೆಯ ಚೂರು ಕಟ್ಟುತ್ತಿದ್ದ. ನೀವು ದಡದಲ್ಲಿ ನಿಂತು ಪಕ್ಕದ ತೆಂಗಿನ ಮರಕ್ಕೆ ಹೇಳುವ ಹಾಗೆ ಆ ಮಾತು ಹೇಳಿದಿರಿ. ಮರಕ್ಕಲ್ಲ, ಮರದ ಈಚೆ ನಿಂತ ನನಗೆ ಎಂದು ಇಬ್ಬರಿಗೂ ಗೊತ್ತಿತ್ತು. ಅತ್ತೆ ಅಳಿಯ ಒಬ್ಬರಿಗೊಬ್ಬರು ನೇರ ಮಾತಾಡುವ ಪದ್ಧತಿ ನಮ್ಮಲ್ಲಿಲ್ಲವಾಗಿ, ಇಷ್ಟು ವರ್ಷ ನೀವು ನನ್ನೊಡನೆ ಆಡಿದ್ದೆಲ್ಲ ಮರ, ಬಾಗಿಲು, ಬೆಕ್ಕುಗಳ ಮೂಲಕವೇ ಬಂದದ್ದು. ಬರೆಯಬಾರದು ಎಂದು ಮಾತ್ರ ಯಾರೂ ಹೇಳಿದ ನೆನಪಿಲ್ಲ. ತಪ್ಪಾಗಿದ್ದರೆ ಮನ್ನಿಸಿ.

ನಿಮ್ಮ ಕಾಲು ಹೇಗಿದೆ? ಗಾಯ ಒಣಗುತ್ತಿದೆ, ಆದರೆ ಡಾಕ್ಟರು ಇನ್ನೂ ಬಿಡುತ್ತಿಲ್ಲ ಎಂದು ಅಲ್ಲಿ ನಿಮ್ಮನ್ನು ನೋಡಿಕೊಳ್ಳುತ್ತಿರುವ ನಿಮ್ಮ ಕಿರಿಯ ಮಗ ಫೋನಿನಲ್ಲಿ ಹೇಳಿದ. ಸಕ್ಕರೆ ಕಾಯಿಲೆಯವರು ಹೋಗಿ ಹೋಗಿ ಸಕ್ಕರೆ ಕಾರ್ಖಾನೆಯ ಲೌಟೋಕಾ ಊರಿನಲ್ಲೇ ವಾಸಮಾಡಬೇಕಾಗಿ ಬಂತಲ್ಲ ಎಂದು ಸೇರು ನಗಾಡುತ್ತಾನೆ. ಅನ್ನ ಕಡಿಮೆ ಮಾಡಿ ಕೆಸುವಿನ ಗೆಡ್ಡೆಯನ್ನೇ ತಿನ್ನಿ. ನಾಳೆಯ ಹಡಗಿನಲ್ಲಿ ನಿಮ್ಮ ಹಿತ್ತಿಲ ಗೆಡ್ಡೆ ಒಂದು ಬುಟ್ಟಿ ಬರುತ್ತದೆ, ಜೊತೆಗೆ ಹೊಗೆಯಲ್ಲಿ ಒಣಗಿಸಿದ ಮೀನು. ಆ ಮೀನು ಎಲ್ಲಿಯದು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ದಿಬ್ಬ ತೆರೆದೆವು.

ಪದ್ಧತಿಯ ನೂರು ರಾತ್ರಿ ಸಾಲದು, ನನ್ನ ಮಗಳಿಗೆ ಒಂದು ವರ್ಷ ಬೇಕು ಎಂದು ನೀವು ಹಟ ಹಿಡಿದಾಗ ಹಿರಿಯರ ಮುಖ ಸಣ್ಣಗಾಗಿತ್ತು. ಯಾವ ನಾಯಕನಿಗೂ ಅಷ್ಟು ಕಾಲ ಸಮುದ್ರ ಮುಚ್ಚಿದ್ದಿಲ್ಲ ಎಂದು ಗೊಣಗಿದವರೂ ಇದ್ದರು. ಆದರೂ ವರ್ಷವಿಡೀ ಒಂದು ಬಲೆಯೂ ಆ ಕಡೆ ಹೋಗಲಿಲ್ಲ. ಉನೈಸಿ ಹಂಚಿದ ಮೀನು ತಿನ್ನದ ಮನೆ ಈ ಊರಿನಲ್ಲಿ ಇರಲಿಲ್ಲವಲ್ಲ. ಉಳಿದವರು ಬರೀ ಕಲ್ಲು ನೋಡುವ ಕಡೆ ಅವಳಿಗೆ ಎಂಟು ಕಾಲಿನ ಅಷ್ಟಪದಿಯ ಕಣ್ಣು ಕಾಣಿಸುತ್ತಿತ್ತು. "ಮೇಷ್ಟ್ರಿಗೆ ಪುಸ್ತಕ ಓದೋಕೆ ಬರುತ್ತೆ, ಕಲ್ಲು ಓದೋಕೆ ಬರಲ್ಲ" ಎಂದು ಹೆಂಗಸರ ಮುಂದೆ ನನ್ನನ್ನು ಆಡಿಕೊಳ್ಳುತ್ತಿದ್ದಳು. ಅವಳಿಲ್ಲದ ವರ್ಷವನ್ನು ನಾನು ಶಾಲೆಯ ಕಿಟಕಿಯಿಂದ ಆ ಕೋಲನ್ನು ನೋಡುತ್ತ ಕಳೆದೆ. ಮಕ್ಕಳಿಗೆ ಮಗ್ಗಿ ಹೇಳಿಕೊಡುವಾಗಲೂ ಒಂದು ಕಣ್ಣು ಅಲ್ಲೇ. ಅದನ್ನು ದುಃಖ ಎನ್ನಬಹುದೋ ಏನೋ. ನನಗೆ ಅದು ಒಂದು ಬಗೆಯ ಕಾವಲು ಎನ್ನಿಸುತ್ತಿತ್ತು.

ತೆರೆಯುವ ದಿನ ಇಡೀ ಊರು ಬಳ್ಳಿಯ ಹಗ್ಗಕ್ಕೆ ತೆಂಗಿನ ಗರಿ ಸುತ್ತಿ, ಸೊಂಟಮಟ್ಟದ ನೀರಿನಲ್ಲಿ ದೊಡ್ಡ ಬಳೆಯ ಹಾಗೆ ನಿಂತಿತು. ನೀವು ಹೇಳಿಕಳಿಸಿದ್ದು ಎಲ್ಲರಿಗೂ ಗೊತ್ತಿತ್ತು: ದಿಬ್ಬ ತೆರೆಯಿರಿ, ಊಟ ಹಾಕಿ, ಅಳಿಯನ ಗಡ್ಡ ಮಾತ್ರ ಕಾಲು ಮಾಯ್ದ ಮೇಲೆ ನಾನೇ ಬಂದು ಕತ್ತರಿಸುತ್ತೇನೆ. ಹಾಗಾಗಿ ಉಳಿದವರೆಲ್ಲ ಸೂತಕದ ಕಪ್ಪು ಬಿಟ್ಟು ಬಣ್ಣದ ಬಟ್ಟೆ ಉಟ್ಟಿದ್ದರೆ ನಾನೊಬ್ಬ ಎದೆಯವರೆಗೆ ಗಡ್ಡ ಇಳಿಬಿಟ್ಟುಕೊಂಡು ನೀರಿಗಿಳಿದೆ. ಬಳೆ ಸಣ್ಣದಾಗುವ ಮೊದಲು ಒಮ್ಮೆ ಮುಖ ನೀರಿನಲ್ಲಿ ಮುಳುಗಿಸಿ ನೋಡಿದೆ. ಅತ್ತೆ, ಅದನ್ನು ಹೇಗೆ ಹೇಳಲಿ? ನೀರೇ ಕಾಣುತ್ತಿರಲಿಲ್ಲ. ಮೀನಿನ ಹಿಂದೆ ಮೀನು, ಅದರ ಹಿಂದೆ ಇನ್ನೊಂದು ಬಣ್ಣದ ಮೀನು, ನಡುವೆ ಬೆಳಕು ಹೊಗಲು ಜಾಗ ಹುಡುಕುತ್ತಿತ್ತು. ಅವುಗಳಿಗೆ ಭಯವೇ ಗೊತ್ತಿರಲಿಲ್ಲ. ಒಂದು ನೀಲಿ ಗಿಳಿಮೀನು ನನ್ನ ಗಡ್ಡವನ್ನು ಪಾಚಿ ಎಂದುಕೊಂಡು ಬಂದು ಕಚ್ಚಿ ನೋಡಿತು. ನಾವು ಅತ್ತುಕೊಂಡು ದೂರ ಕೂತಿದ್ದಾಗ ಇಲ್ಲಿ ಇಷ್ಟೆಲ್ಲ ನಡೆಯುತ್ತಿತ್ತು, ನಮ್ಮನ್ನು ಕೇಳದೆ, ನಮ್ಮ ಅಳುವಿನ ನೆರಳಿನಲ್ಲೇ. ನನ್ನ ಕೈಯಲ್ಲಿ ಈಟಿ ಇತ್ತು. ಎತ್ತಲಾಗಲಿಲ್ಲ.

ಆಮೇಲೆ ಬಳೆ ಬಿಗಿಯಾಯಿತು, ಹೆಂಗಸರು ನೀರು ಬಡಿದು ಕೂಗಿದರು, ಮೀನು ದಿಕ್ಕೆಟ್ಟವು. ಸೂಜಿಯಂಥ ಉದ್ದ ಮೂತಿಯ ಮೀನೊಂದು ನೀರಿನಿಂದ ಚಿಮ್ಮಿ ಬಂದು ನನ್ನ ಬಲ ದವಡೆಗೆ ನಾಟಿತು. ನೋವಿಗಿಂತ ಮೊದಲು ಬಂದದ್ದು ನಗು. "ನೋಡ್ರೋ, ನಮ್ಮ ಭಾವ ಈಟಿ ಎತ್ತಲ್ಲ, ಮುಖದಲ್ಲೇ ಮೀನು ಹಿಡೀತಾನೆ!" ಎಂದು ಸೇರು ಕೂಗಿದ. ರಕ್ತ ನೋಡಿದ ಮೇಲೆ ಅವನೇ ನನ್ನನ್ನು ಹೆಗಲ ಮೇಲೆ ಹೊತ್ತು ದಡಕ್ಕೆ ಓಡಿದ್ದು.

ನಮ್ಮ ಎರಡು ಕೋಣೆಯ ಆಸ್ಪತ್ರೆಗೆ ನೀವು ಹೋದ ಮೇಲೆ ಹೊಸ ನರ್ಸು ಬಂದಿದ್ದಾಳೆ. ಹೆಸರು ಸರೋತೆ. ದೂರದ ರೊಟುಮಾ ದ್ವೀಪದವಳು, ಗಂಡನನ್ನು ಕಳೆದುಕೊಂಡವಳು, ವಯಸ್ಸು ಹೆಚ್ಚುಕಡಿಮೆ ನನ್ನದೇ. ಹೆಂಡತಿಗಾಗಿ ಬೆಳೆಸಿದ ಗಡ್ಡಕ್ಕೆ ಹೆಂಡತಿಯ ಮನೆಯವರೇ ಕತ್ತರಿ ಹಾಕಬೇಕೆಂಬ ನಮ್ಮ ಕಡೆಯ ಪದ್ಧತಿ ಅವಳಿಗೆ ಗೊತ್ತಿಲ್ಲ. ಸೇರು ನನ್ನನ್ನು ಬೆಂಚಿನ ಮೇಲೆ ಹಾಕಿ, ಮೀನು ಹಂಚುವ ಜವಾಬ್ದಾರಿ ತನ್ನದೆಂದು ಮತ್ತೆ ಓಡಿದ. ನನಗೆ ಬಾಯಿ ತೆರೆಯಲಾಗದು. ಹೊಲಿಗೆ ಹಾಕಬೇಕಾದರೆ ಕೂದಲು ತೆಗೆಯಬೇಕು. ಅವಳು ಕತ್ತರಿ ಹಿಡಿದಳು. ನಾನು ಕೈ ಆಡಿಸಿದೆ, ತಲೆ ಆಡಿಸಿದೆ. "ಅಲುಗಾಡಬೇಡಿ ಮೇಷ್ಟ್ರೇ, ನಿಮ್ಮನ್ನ ಚುಚ್ಚಿದ ಮೀನು ಕೂಡ ಇಷ್ಟು ಒದ್ದಾಡಿರಲ್ಲ" ಎಂದು ಗದರಿಸಿ, ನನ್ನ ಹಣೆಯನ್ನು ಅಂಗೈಯಿಂದ ಒತ್ತಿ ಹಿಡಿದು, ಬಲಗಡೆಯ ಗಡ್ಡವನ್ನು ಪೂರ್ತಿ ತೆಗೆದುಹಾಕಿದಳು. ಒಂದು ವರ್ಷದ ಮೇಲೆ ಆ ಚರ್ಮಕ್ಕೆ ಗಾಳಿ ತಗಲಿತು. ನಾನು ಕಣ್ಣು ಮುಚ್ಚಿಕೊಂಡೆ. ನಾಚಿಕೆಯೋ, ಭಯವೋ, ಇನ್ನೇನೋ, ನನಗೆ ಹೆಸರು ತಿಳಿಯದ್ದು.

ಈ ಸುದ್ದಿ ಯಾರ ಬಾಯಿಂದಲೋ ನಿಮಗೆ ತಲುಪಿರಬಹುದು. ಸೇರು ಮರುದಿನ ಬೆಳಿಗ್ಗೆ ಬಂದು ನನ್ನ ಸುತ್ತ ಒಂದು ಸುತ್ತು ಹಾಕಿದ. "ಭಾವ, ಎಡಗಡೆಯಿಂದ ನೋಡಿದ್ರೆ ಸೂತಕ, ಬಲಗಡೆಯಿಂದ ನೋಡಿದ್ರೆ ಮದುವೆಗೆ ಹೊರಟ ಹಾಗಿದೀಯ. ಚರ್ಚಿಗೆ ಹೋದರೆ ಯಾವ ಕಡೆ ತೋರಿಸ್ತೀಯೋ?" ಎಂದ. ನಗುತ್ತಲೇ ಹೇಳಿದ, ಆಮೇಲೆ ನನ್ನ ಪಕ್ಕ ಕೂತ. ಅವ್ವನಿಗೆ ಏನು ಹೇಳುವುದು ಎಂದು ಇಬ್ಬರೂ ಯೋಚಿಸುತ್ತಿದ್ದೆವು. ಉಳಿದರ್ಧವನ್ನು ನಾನು ತೆಗೆಯಲಿಲ್ಲ, ಈಗಲೂ ತೆಗೆದಿಲ್ಲ. ಮಕ್ಕಳು ಪಾಠದ ನಡುವೆ ನಗುತ್ತಾರೆ, ಪಾದ್ರಿಗಳು ಬಟ್ಟೆ ಕಟ್ಟಿಕೋ ಎಂದರು. ತೆಗೆಯದಿರುವುದಕ್ಕೆ ಕಾರಣ ಪದ್ಧತಿ ಒಂದೇ ಅಲ್ಲ. ನನಗೂ ಉನೈಸಿಗೂ ಮಕ್ಕಳಾಗಲಿಲ್ಲ. ನಿಮ್ಮ ಮನೆಯನ್ನೂ ನನ್ನನ್ನೂ ಕಟ್ಟಿಹಾಕಿರುವುದು ಈಗ ಈ ಕೂದಲು ಮಾತ್ರ. ಅದು ಬಿದ್ದ ದಿನ ನಾನು ನಿಮಗೆ ಯಾರೂ ಅಲ್ಲ, ಶಾಲೆಯ ಮೇಷ್ಟ್ರು ಅಷ್ಟೆ. ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡವನು ನಾನು. ನೀವು ಬಾಗಿಲಿಗೆ ಹೇಳಿದ "ಊಟ ಆಯ್ತಾ ಕೇಳು" ಎಂಬ ಮಾತನ್ನೇ ಇಷ್ಟು ವರ್ಷ ತಾಯಿಯ ಮಾತು ಎಂದು ಕೇಳಿಸಿಕೊಂಡು ಬಂದಿದ್ದೇನೆ.

ಸರೋತೆಗೆ ವಿಷಯ ತಿಳಿದದ್ದು ಹೆಂಗಸರಿಂದ. ಮೀನಿನ ಪಾಲು ಕೊಡಲು ಹೋದವರು ಆಸ್ಪತ್ರೆಯ ನೆಲದ ಮೇಲೆ ಬಿದ್ದ ಕೂದಲು ನೋಡಿ ಬಾಯಿಗೆ ಕೈ ಇಟ್ಟುಕೊಂಡರಂತೆ. ಅವಳು ಏನು ಮಾಡಿದಳು ಗೊತ್ತೇ? ಒಂದೊಂದೇ ಕೂದಲು ಆರಿಸಿ ತನ್ನ ಬಿಳಿ ಕರವಸ್ತ್ರದಲ್ಲಿ ಕಟ್ಟಿದಳು. ಕ್ಷಮೆ ಕೇಳುವಾಗ ಮುಂದಿಡುವ ಕಾವಾ ಬೇರಿನ ಕಟ್ಟೊಂದನ್ನು ಕೊಂಡು, ಮರುದಿನ ಸಂಜೆ ಸೇರುವಿನ ಮನೆಗೆ ತಪ್ಪೊಪ್ಪಿಕೊಳ್ಳಲು ಒಬ್ಬಳೇ ಬಂದಳು. ಜೊತೆಗೆ ಅವಳ ಪರವಾಗಿ ಮಾತಾಡುವ ಗಂಡಸಿಲ್ಲ, ಹೇಳಬೇಕಾದ ಮಾತಿನ ಕ್ರಮ ಗೊತ್ತಿಲ್ಲ. ಅಷ್ಟೇ ಅಲ್ಲ, ಹಿರಿಯರು ಮಾತ್ರ ಬಳಸುವ ಪಕ್ಕದ ಬಾಗಿಲಿನಿಂದ ಒಳಬಂದು, ನೇರ ನೀವು ಕೂರುತ್ತಿದ್ದ ಚಾಪೆಯ ಮೇಲೆ ಕೂತಳು. ಯಾರಿಗೂ ಎಬ್ಬಿಸುವ ಧೈರ್ಯವಾಗಲಿಲ್ಲ. ಬೇರಿನ ಕಟ್ಟನ್ನೂ ಕರವಸ್ತ್ರವನ್ನೂ ಮುಂದಿಟ್ಟು ತಲೆ ತಗ್ಗಿಸಿ ಅವಳು ಹೇಳಿದ್ದು ಇಷ್ಟು: "ನಂಗೆ ಗೊತ್ತಾಗಲಿಲ್ಲ, ಗಡ್ಡ ಅಂದ್ರೆ ಗಡ್ಡ ಅಂದ್ಕೊಂಡೆ. ನನ್ನ ಗಂಡ ಹೋದ ಹಡಗು ವಾಪಸು ಬರಲಿಲ್ಲ. ಗೋರಿ ಇಲ್ಲ, ಕತ್ತರಿಸೋಕೆ ಕೂದಲೂ ಇಲ್ಲ. ನಿಮ್ಮ ಸಮುದ್ರದಲ್ಲಿ ಆ ಕೋಲು ನೋಡಿ ದಿನಾ ಹೊಟ್ಟೆಕಿಚ್ಚು ಪಡ್ತಿದ್ದೆ. ಒಬ್ಬಳು ಹೆಂಗಸಿಗೋಸ್ಕರ ಇಷ್ಟು ನೀರನ್ನ ಸುಮ್ಮನೆ ಬಿಟ್ಟಿದಾರಲ್ಲ ಅಂತ. ಅಂಥವರ ಮನೆಗೆ ನನ್ನ ಕೈಯಿಂದಲೇ ಹೀಗಾಯ್ತು."

ಮನೆ ತುಂಬ ಜನರಿದ್ದರು, ಎಲ್ಲರೂ ಸೇರುವಿನ ಕಡೆ ತಿರುಗಿದರು. ಮಾತಿಗೆ ಮಾತು ಜೋಡಿಸುವ ನಿಮ್ಮ ಮಗ ಈ ಸಲ ನಗಾಡಲಿಲ್ಲ. "ಅಕ್ಕಾ, ಇದನ್ನ ತಗೊಳ್ಳೋದು ಬಿಡೋದು ನಮ್ಮ ಕೈಲಿಲ್ಲ. ಆ ಚಾಪೆ ಯಾರದೋ ಅವರಿಗೆ ಸೇರಿದ್ದು ಇದು" ಎಂದ. ಹಾಗಾಗಿ ಬೇರಿನ ಕಟ್ಟೂ ಕರವಸ್ತ್ರವೂ ನಿಮ್ಮ ಮನೆಯ ಅಟ್ಟದ ಮೇಲೆ ಕಾಯುತ್ತಿವೆ. ನಾನು ಮೂಲೆಯಲ್ಲಿ ದವಡೆಗೆ ಬಟ್ಟೆ ಒತ್ತಿಕೊಂಡು ಕೂತಿದ್ದೆ. ನಮ್ಮ ದುಃಖವನ್ನು ಇನ್ನೊಬ್ಬರು ಒಂದು ಸಂಪತ್ತಿನ ಹಾಗೆ ದೂರದಿಂದ ನೋಡುತ್ತಿದ್ದರು ಎಂಬುದು ನನಗೆ ತಿಳಿದಿರಲಿಲ್ಲ. ಹಿಂದಿನ ದಿನ ನೀರಿನೊಳಗೆ ಮುಖ ಮುಳುಗಿಸಿದಾಗ ಏನಾಗಿತ್ತೋ ಅದೇ ಮತ್ತೊಮ್ಮೆ ಆಯಿತು, ಈ ಸಲ ಒಣ ನೆಲದ ಮೇಲೆ.

ಹೊಲಿಗೆ ಬಿಚ್ಚಿದ ಮೇಲೂ ನಾನು ಆಸ್ಪತ್ರೆಯ ದಾರಿಯಲ್ಲೇ ಮನೆಗೆ ಹೋಗುತ್ತೇನೆ, ಅದು ಸುತ್ತಿನ ದಾರಿಯಾದರೂ. "ಮಾಯ್ದ ಗಾಯಾನ ದಿನಾ ತೋರಿಸೋಕೆ ಹೋಗೋ ರೋಗಿ ಇವನೊಬ್ಬನೇ" ಎಂದು ಸೇರು ಬೀದಿಯಲ್ಲಿ ಸಾರುತ್ತಾನೆ. ಅಲ್ಲಿನ ಮೆಟ್ಟಿಲ ಮೇಲೆ ಸರೋತೆಯೂ ನಾನೂ ಕೂತು ಮಾತಾಡುತ್ತೇವೆ, ಎಲ್ಲರಿಗೂ ಕಾಣುವ ಹಾಗೆ. ಹೆಚ್ಚು ಮಾತಾಡುವುದು ಉನೈಸಿಯ ಬಗ್ಗೆಯೇ. ಅವಳು ಅಷ್ಟಪದಿ ಹಿಡಿದು ನನ್ನ ಹಾಸಿಗೆಯಲ್ಲಿ ಬಿಟ್ಟದ್ದನ್ನು ಹೇಳಿದಾಗ ಸರೋತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳ ಗಂಡ ಹಾಡು ಬಾರದಿದ್ದರೂ ಚರ್ಚಿನಲ್ಲಿ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದನಂತೆ. ಹೀಗೆ ನಾವು ನಾಲ್ಕು ಜನ ಆ ಮೆಟ್ಟಿಲ ಮೇಲೆ ಕೂರುತ್ತೇವೆ, ಯಾರೂ ಯಾರಿಗೂ ಜಾಗ ಬಿಟ್ಟುಕೊಡಬೇಕಾಗಿಲ್ಲ. ಮನಸ್ಸಿನಲ್ಲಿ ಇರುವುದು ಒಬ್ಬರಿಗಾಗುವ ಚಾಪೆ ಎಂದುಕೊಂಡಿದ್ದೆ. ಅದು ಹಾಗಲ್ಲವೆಂದು ಈ ವಯಸ್ಸಿನಲ್ಲಿ ತಿಳಿಯಿತು. ನನಗೆ ಇದರಲ್ಲಿ ಸಂತೋಷಕ್ಕಿಂತ ಬೆರಗೇ ಹೆಚ್ಚು. ಯಾರೋ ದೊಡ್ಡವರ ಮನೆಯೊಳಗೆ ಕರೆಯದೆ ಬಂದು ನಿಂತ ಹಾಗೆ ಅನ್ನಿಸುತ್ತದೆ.

ಮೊನ್ನೆ ಇಳಿತದಲ್ಲಿ ದಿಬ್ಬಕ್ಕೆ ನಡೆದುಹೋದೆ. ಕೋಲು ಕಿತ್ತ ಗುಂಡಿಯಲ್ಲಿ ಮರಳು ಕೂತಿದೆ. ಹೆಂಗಸರು ದಿನವೂ ಮೀನು ಹಿಡಿಯುತ್ತಿದ್ದಾರೆ, ಆದರೂ ಮೀನು ಬರುತ್ತಲೇ ಇವೆ. ಅದನ್ನು ನೀವು ಕಣ್ಣಾರೆ ನೋಡಬೇಕು.

ಕಾಲು ನೆಲಕ್ಕೆ ಊರಬೇಡಿ, ಡಾಕ್ಟರು ಹೇಳಿದ ಹಾಗೆ ಕೇಳಿ. ಕಿರಿಯ ಭಾವನಿಗೂ ಅವನ ಮಕ್ಕಳಿಗೂ ನನ್ನ ನೆನಪು ತಿಳಿಸಿ. ಸಂಜೆಯ ಪ್ರಾರ್ಥನೆಯಲ್ಲಿ ನಿಮ್ಮ ಹೆಸರನ್ನು ಇಲ್ಲಿ ನಾವೆಲ್ಲ ಹೇಳುತ್ತೇವೆ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ, ಅದಕ್ಕೆ ನಾನು ತಕ್ಕವನಾಗಿ ಕಂಡಷ್ಟು ಕಾಲ.

ಇಂತು ನಿಮ್ಮ ಅಳಿಯ,
ಎರೋನಿ

ತಾ.ಕ.: ಹಡಗು ಇಂದೇ ಸಂಜೆ ಹೊರಡುತ್ತದಂತೆ, ಕೂಗು ಹಾಕಿಯಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಇಷ್ಟುದ್ದ ಬರೆದೂ ಬರೆಯಲಾಗದೆ ಉಳಿದದ್ದು ಇದು: ನೀವು ಒಪ್ಪಿದರೆ ಸರೋತೆಯನ್ನು ಮದುವೆಯಾಗಬೇಕೆಂದಿದ್ದೇನೆ. ಒಪ್ಪದಿದ್ದರೆ ಈ ಗಡ್ಡ ಹೀಗೇ ಬೆಳೆಯಲಿ. ಬೇರಿನ ಕಟ್ಟನ್ನೂ ಕರವಸ್ತ್ರವನ್ನೂ ಅಟ್ಟದಿಂದ ಇಳಿಸಿದ್ದೇವೆ. ಅವನ್ನು ತಾನೇ ನಿಮ್ಮ ಮುಂದಿಡಬೇಕು ಎಂದು ಅವಳು ರಜೆ ಹಾಕಿ ಹೊರಟಿದ್ದಾಳೆ. ಈ ಕಾಗದವನ್ನು ನಿಮ್ಮ ಕೈಗೆ ಕೊಟ್ಟವಳು ಅವಳೇ. ನೀವು ಓದಿ ಮುಗಿಸುವವರೆಗೆ ಅಂಗಳದಲ್ಲಿ ನಿಂತಿರುತ್ತಾಳೆ. ಹೊರಡುವಾಗ ಒಂದು ಪ್ರಶ್ನೆ ಕೇಳಿದಳು, ಅದನ್ನು ನಿಮ್ಮನ್ನೇ ಕೇಳುತ್ತೇನೆ: ಒಳಗೆ ಬಂದು ನಿಮ್ಮೆದುರು ಕೂತಾಗ ಅವಳು ನಿಮ್ಮನ್ನು ಏನೆಂದು ಕರೆಯಬೇಕು?