ಮೊದಲು ಒತ್ತಿದ ಗೆರೆ

ಜೂನ್ ೧೪, ಶುಕ್ರವಾರ

ಓಟದ ಮೈದಾನದ ನಕ್ಷೆಯಲ್ಲಿ ಎರಡು ಸಮಾನಾಂತರ ಗೆರೆಗಳ ತುದಿ ಸೇರಿಸಲು ಬೆಳಗ್ಗೆಯಿಂದ ಒದ್ದಾಡಿದೆ. ‘ಜಾಯಿನ್’ ಕಮಾಂಡ್ ಕೊಟ್ಟರೆ ಕಂಪ್ಯೂಟರ್ ಜಪ್ಪಯ್ಯ ಎಂದರೂ ಕೇಳಲಿಲ್ಲ. ಕೊನೆಗೆ ಹಿರಿಯ ಡ್ರಾಫ್ಟ್ಸ್‌ಮನ್ ಬಂದು, “‘ಫಿಲೆಟ್’ ಕೊಡಮ್ಮ, ಅರ್ಧವೃತ್ತ ಹಾಕಿ ಸೇರಿಸುತ್ತೆ. ಮೌಸಲ್ಲಿ ಮೊದಲು ಒತ್ತಿದ ಗೆರೆ ಕದಲಲ್ಲ, ಎರಡನೇದೇ ಉದ್ದ ಆಗೋ ಗಿಡ್ಡ ಆಗೋ ಅದರ ಸಮಕ್ಕೆ ಬರುತ್ತೆ” ಎಂದರು.

ಆಗಿನಿಂದ ಅಕ್ಕನೇ ನೆನಪಾಗುತ್ತಿದ್ದಾಳೆ. ಪ್ರತಿ ಜಗಳದ ನಂತರ ನಾನು ಮುಖ ಊದಿಸಿಕೊಂಡು ಕೂರುತ್ತಿದ್ದೆ. ತಪ್ಪು ಯಾರದಾದರೂ ಅವಳೇ ಬರುತ್ತಿದ್ದಳು. ಈ ಸಲ ಬರಲಿಲ್ಲ. ಎರಡು ವರ್ಷವಾಯಿತು.

ಈಗಷ್ಟೇ ನಾನೇ ಫೋನ್ ಮಾಡಿದೆ.

“ಹಲೋ, ಯಾರು?” ಎಂದಳು.

ನನ್ನ ನಂಬರ್ ಅಳಿಸಿದ್ದಾಳೆ. ‘ನಾನು’ ಎನ್ನಲು ಬಾಯಿ ಬರಲಿಲ್ಲ. ಬಹಳ ಹೊತ್ತು ಅವಳೂ ಫೋನ್ ಇಡಲಿಲ್ಲ.